ಒಂದು ಸಾಲು ಹಿಂದಿರುವ ಕಾಕಾ

ಮುಂಬೈ ದಾದರಿನ ಚರ್ಚಿನ ನಮ್ಮ ಕನ್ನಡ ಸಭೆಯಲ್ಲಿ ಪ್ರತಿ ಹಾಡೂ ಎರಡು ಸಲ ಮುಗಿಯುತ್ತದೆ. ಮೊದಲು ಎಲ್ಲರದು, ಆಮೇಲೆ ನಮ್ಮ ಕಾಕಾನದು!

ಉತ್ಪ್ರೇಕ್ಷೆ ಅನ್ನಬೇಡಿ, ನನ್ನ ಬಳಿ ಲೆಕ್ಕವಿದೆ. ನಾನು ಡೈರಿ ಬರೆಯುವವಳು. ಹಾಲು ತಡವಾದ ದಿನ, ಲೋಕಲ್ ರೈಲು ತಪ್ಪಿದ ದಿನ, ಎಲ್ಲಕ್ಕೂ ಒಂದೊಂದು ಗೆರೆ. ಕಾಕಾನಿಗೆ ಬೇರೆಯೇ ಪುಟ. ಕಳೆದ ಒಂಬತ್ತು ಭಾನುವಾರ, ಮೂವತ್ತಾರು ಹಾಡು. ಒಂದನ್ನೂ ಅವರು ಜನರ ಜೊತೆ ಮುಗಿಸಿಲ್ಲ. ಕನಿಷ್ಠ ನಾಲ್ಕು ಸೆಕೆಂಡ್, ಗರಿಷ್ಠ ಹನ್ನೊಂದು. ಹನ್ನೊಂದು ಸೆಕೆಂಡಿನಲ್ಲಿ ದಾದರ್ ಸ್ಟೇಷನ್ನಿನಲ್ಲಿ ಒಂದು ಡಬ್ಬಾ ಖಾಲಿಯಾಗಿ ಮತ್ತೆ ತುಂಬುತ್ತದೆ!

ಕಂಠವಾದರೂ ಸಣ್ಣದೇ? ಕೊನೆಯ ಬೆಂಚಿನಿಂದ ಹೊರಟದ್ದು ವೇದಿಕೆಯ ಹೂದಾನಿಯನ್ನು ನಡುಗಿಸುತ್ತದೆ. ಕೀಬೋರ್ಡ್ ನುಡಿಸುವ ನನ್ನ ಅಣ್ಣ ಒಮ್ಮೆ ಕೇಳಿಯೇ ಬಿಟ್ಟ: “ಕಾಕಾ, ನೀವು ಯಾವಾಗ್ಲೂ ಒಂದ್ ಲೈನ್ ಪೀಛೆ ಇರ್ತೀರಿ.”

“ನೀ ಒಂದ ಸಾಲ ಮುಂದ ಓಡತೀಯಲ್ಲೋ! ಯಾರರ ಬೆನ್ನ ಹತ್ಯಾರೇನು?”

ತಾಳಜ್ಞಾನ ಇಲ್ಲವೇ ಅಂದರೆ, ಅದೂ ಸುಳ್ಳು. ಘಾಟ್ಕೋಪರಿನಿಂದ ನಾವು ಒಟ್ಟಿಗೆ ಸ್ಲೋ ಲೋಕಲ್ ಹತ್ತುತ್ತೇವೆ. ಕಿಟಕಿಯ ಸರಳು ತಟ್ಟುತ್ತ ಕಾಕಾ ಹಾಡುತ್ತಾರೆ. ತಾಳ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಚರಣವನ್ನು ಅರ್ಧಕ್ಕೆ ಬಿಟ್ಟು ಏಳುವುದೂ ಇಲ್ಲ. ಎರಡು ಸಲ ದಾದರ್ ದಾಟಿ ಪರೇಲಿನಲ್ಲಿ ಇಳಿದಿದ್ದೇವೆ. ಎದುರಿಗೆ ಕೂತ ಮರಾಠಿ ಅಜ್ಜ “ದಾದರ್ ಗೇಲಂ, ಕಾಕಾ!” ಎಂದು ಹೌಹಾರಿದರೆ ಇವರದು ಒಂದೇ ಉತ್ತರ: “ದಾದರ ಎಲ್ಲಿ ಹೋಗತೈತ್ರಿ?”

ಹಾಗಾದರೆ ಚರ್ಚಿನಲ್ಲಿ ಮಾತ್ರ ಏಕೆ ಹೀಗೆ? ಹಟ, ಇನ್ನೇನು! ನಾವೆಲ್ಲ ಹಾಗೆಂದೇ ತೀರ್ಮಾನಿಸಿದ್ದೆವು.

ಆದರೆ ಹತ್ತೂವರೆಗೆ ನಾವು ಮರಾಠಿ ಸಭೆಯವರಿಗೆ ಜಾಗ ಬಿಡಬೇಕು. ಅವರು ಬಾಗಿಲಲ್ಲಿ ನಿಂತು ಗಡಿಯಾರ ನೋಡತೊಡಗಿದರು. ಒಂದು ಭಾನುವಾರ ಆರಾಧನೆ ಶುರುವಾಗುವ ಮೊದಲು ಸಭಾಪಾಲಕರು ನನ್ನನ್ನು ಕರೆದರು.

“ಇವತ್ತ ನಿಮ್ಮ ಕಾಕಾನ ಹತ್ರ ಕೂತು ಸರಿಯಾಗಿ ಬರಕೋಳವಾ. ಲೆಕ್ಕ ತೋರಿಸಿ, ಇನ್ನ ಮ್ಯಾಲೆ ಮನಸಿನಾಗ ಹಾಡ್ರಿ ಅಂತ ಹೇಳತೇನಿ.”

ಕಾಕಾ ಮನಸ್ಸಿನಲ್ಲಿ ಹಾಡುವುದೇ? ಲೋಕಲ್ ಮನಸ್ಸಿನಲ್ಲಿ ಹಾರ್ನ್ ಹೊಡೆದೀತೇ!

ಸದಾ ಮುಂದೆ ಹಾಡುಗಾರರ ಜೊತೆ ನಿಲ್ಲುವ ನಾನು ಅಂದು ಮೊದಲ ಸಲ ಕೊನೆಯ ಬೆಂಚಿನಲ್ಲಿ ಕೂತೆ. ಕಾಕಾನ ಆಚೆ ಬದಿಗೆ ನಮ್ಮ ಸಂಡೇ ಸ್ಕೂಲ್ ಟೀಚರ್ ಇದ್ದರು. ಸಭೆಯ ಅರ್ಧ ಜನಕ್ಕೆ ಹಾಡು ಕಲಿಸಿದವರು. ಲಕ್ವಾ ಹೊಡೆದ ಮೇಲೆ ಅವರಿಗೆ ಮಾತು ಹೊರಡುವುದೇ ಕಷ್ಟ. ಚಹಾ ಬೇಕೇ ಎಂದರೂ ತಲೆಯಾಡಿಸುವುದಷ್ಟೇ. ಪಾಪ, ಸುಮ್ಮನೆ ಬಂದು ಕೂತು ಹೋಗುತ್ತಾರೆ ಅಂದುಕೊಂಡಿದ್ದೆ.

ಹಾಡು ಶುರುವಾಯಿತು. ಟೀಚರ್ ತುಟಿ ಅಲುಗಿತು. ಮಾತಿಗೆ ಸಿಗದ ಶಬ್ದಗಳು ರಾಗದ ಕೈ ಹಿಡಿದು ಒಂದೊಂದಾಗಿ ಬಂದವು. ತಡವಾಗಿ, ಸಣ್ಣ ದನಿಯಲ್ಲಿ, ಆದರೆ ಒಂದನ್ನೂ ಬಿಡದೆ. ಕಾಕಾ ಪುಸ್ತಕ ನೋಡುತ್ತಿರಲಿಲ್ಲ, ಆ ತುಟಿಗಳನ್ನು ನೋಡುತ್ತಿದ್ದರು. ಅವು ತಡವರಿಸಿದಲ್ಲಿ ತಾವೂ ರಾಗ ಎಳೆದು ನಿಂತರು, ಹೊರಟಾಗ ಹೊರಟರು. ಸಭೆ ಹಾಡಿ ಮುಗಿಸಿತು. ಮುಂದಿನವರು ತಿರುಗುವಷ್ಟರಲ್ಲಿ ಕಾಕಾ ದನಿ ಏರಿಸಿದರು. ಕಣ್ಣುಗಳೆಲ್ಲ ಅವರ ಮೇಲೆ. ಆ ಗದ್ದಲದ ಮರೆಯಲ್ಲಿ ಟೀಚರ್ ನಿಶ್ಚಿಂತೆಯಿಂದ ಕೊನೆಯ ಸಾಲು ಹಾಡುತ್ತಿದ್ದರು.

ಕಾಕಾ ನನ್ನ ಡೈರಿ ನೋಡಿದರು. ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು (ಅವರಿಗೆ ಪಿಸುದನಿಯೂ ಇದೆಯೆಂದು ನನಗೆ ಅಂದೇ ಗೊತ್ತಾದದ್ದು!): “ಟೀಚರದು ಏನೂ ಬರೀಬ್ಯಾಡವಾ. ತನ್ನಿಂದ ತಡ ಆಗತೈತಿ ಅಂತ ಗೊತ್ತಾದ್ರ ಮತ್ತ ಬಾಯಿ ತೆರಿಯೂದಿಲ್ಲ. ಎಲ್ಲಾ ನನ್ನ ಹೆಸರಿಗೆ ಹಚ್ಚು.”

ಕೊನೆಯ ಹಾಡಿನಲ್ಲಿ ನಾನು ಬೇಕೆಂದೇ ನಿಧಾನ ಮಾಡಿದೆ. ಎಲ್ಲರೂ ಮುಗಿಸಿದರು, ಕೀಬೋರ್ಡ್ ನಿಂತಿತು, ನಾವು ಮೂವರು ಉಳಿದೆವು. ಸಭಾಪಾಲಕರು ಆಶೀರ್ವಾದಕ್ಕೆಂದು ಕೈ ಎತ್ತಿ ನಮ್ಮ ಬೆಂಚಿನತ್ತ ನೋಡಿದರು. ಮೊದಲು ನನ್ನನ್ನು, ಆಮೇಲೆ ಕಾಕಾನನ್ನು, ಆಮೇಲೆ ಟೀಚರನ್ನು.

ಎತ್ತಿದ ಕೈ ಹಾಗೆಯೇ ನಿಂತಿತು. ಟೀಚರಿಗೆ ಇನ್ನೂ ಮೂರು ಶಬ್ದ ಹಾಡುವುದಿತ್ತು.