ಅಚ್ಚು ಹಾಕುವ ಮೊದಲು ಇವನನ್ನು ಕೇಳಿ!

ನನ್ನ ತಂಗಿಯ ಗಂಡನ ನೆರಳಿನಲ್ಲಿ ಯಾರೂ ನಿಲ್ಲಬೇಡಿ, ಬಾಡಿಗೆ ಕೇಳುತ್ತಾನೆ! ತಿಕೋಟಾದ ಅವನ ಮನೆಯಲ್ಲಿ ಕೈಬರಹದ ಹಳೆಯ ಪುರಾಣದ ಕಟ್ಟೊಂದಿದೆ. ನಡುನಡುವೆ ಬಣ್ಣದ ಚಿತ್ರಗಳು. ಅದರ ಒಂದಕ್ಷರ ಅವನಿಗೆ ಓದಲು ಬಾರದು. ನನಗೂ ಬಾರದು, ಆದರೆ ನಾನು ಅದರ ಮೇಲೆ ದರ್ಬಾರು ನಡೆಸುವುದಿಲ್ಲ. ಅವನೋ, "ನೋಡಾಕ ಪುಕ್ಕಟ, ಅಚ್ಚು ಹಾಕಾಕ ನನ್ನ ಒಪ್ಪಿಗಿ ಬೇಕು" ಎನ್ನುವ ಸುಲ್ತಾನ!

ಒಮ್ಮೆ ಅವನ ಅಣ್ಣನ ಮಗ ಅದರೊಳಗಿನ ಗಣಪತಿಯ ಫೋಟೊ ಹೊಡೆದುಕೊಂಡು ಹೋಗಿ, ವಿಜಯಪುರದ ಗಾಂಧಿ ಚೌಕದ ಪ್ರೆಸ್ಸಿನಲ್ಲಿ ತನ್ನ ಲಗ್ನಪತ್ರಿಕೆಗೆ ಹಾಕಿಸಿದ. ಈ ಮಹಾರಾಯ ಕೈಯಲ್ಲಿ ಅಕ್ಷತೆ ಹಿಡಿದೇ ಜಗಳ ತೆಗೆದ.

"ಯಾರನ್ನ ಕೇಳಿ ಹಾಕಿಸಿದ್ಯೋ?"

"ಕಾಕಾ, ಗಣಪತಿ ಎಲ್ಲಾರಿಗೂ ದೇವರಲ್ಲೇನು?"

"ದೇವರು ಎಲ್ಲಾರಿಗೂ. ಚಿತ್ರ ನಂದು! ಪತ್ರಿಕಿ ಎರಡೂ ಬಾಜೂಕ ಹಾಕೀದಿ, ಎರಡು ಪಂಗತಿ ಊಟ ನಂದು!"

ಉಂಡೇ ಉಂಡ! ಆಮೇಲೆ ಹೊಟ್ಟೆ ಹಿಡಿದುಕೊಂಡು ಉರುಳಾಡಿದವನಿಗೆ ಅಜವಾನದ ನೀರು ಕುದಿಸಿ ಕೊಟ್ಟವಳು ನನ್ನ ತಂಗಿ. ಗಣಪತಿಯೇನೂ ಬರಲಿಲ್ಲ.

ಈಚೆಗೆ ವಿಜಯಪುರದಿಂದ ಪ್ರೊಫೆಸರೊಬ್ಬರು ಬಂದರು. ಹಳೆಯ ಹಸ್ತಪ್ರತಿಗಳ ಮೇಲೆ ಪುಸ್ತಕ ಬರೆದಿದ್ದಾರಂತೆ, ಅದಕ್ಕೆ ಅದೇ ಗಣಪತಿ ಬೇಕಂತೆ. ಇವನು ಒಪ್ಪದೆ ಪುಸ್ತಕವೇ ನಿಂತಿದೆ. ನಾನು ಹೇಳಿದರೆ ಕೇಳಿಯಾನೆಂದು ನನ್ನನ್ನೂ ಎಳೆದುಕೊಂಡು ಹೋದರು. ಕೋಣಕ್ಕೆ ಯಾರು ಹೇಳಿದರೇನು?

"ಇದನ್ನ ಬರದಾವ್ರು ತೀರಿಕೊಂಡು ಎಷ್ಟೋ ಕಾಲ ಆಗೇತ್ರಿ. ಹಕ್ಕು ನಿಮ್ಮದು ಹೆಂಗ್ರಿ?" ಎಂದರು ಪ್ರೊಫೆಸರರು.

"ಬರದಾಂವ ಬಂದು ಕೇಳಲಿ, ಕೊಡತೇನಿ!"

ಅವರು ಪಾಕೀಟು ತೆಗೆದರು.

"ರೊಕ್ಕ ಒಳಗಿಡ್ರಿ. ಚಿತ್ರದ ಕೆಳಗ ಹೆಸರು ಹಾಕ್ರಿ, ಅಷ್ಟ."

ಬಂತು ನೋಡಿ! ನಾನು ನಕ್ಕುಬಿಟ್ಟೆ. "ಪುಸ್ತಕದಾಗ ಮೆರೀಬೇಕಾಗೇತಿ ಸಾಹೇಬಗ!"

"ನಂದಲ್ಲಕ್ಕಾ. ವರ್ಸಾ ಬೇವಿನ ಎಲಿ ಹಾಕಿ, ಹುಳ ಹತ್ತಗೊಡದಂಗ ಇದನ್ನ ಇಟ್ಟಾಕಿದು."

"ಯಾರ್ರಿ ಆಕಿ?" ಎಂದು ಪ್ರೊಫೆಸರರು ಪೆನ್ನು ತೆಗೆದರು.

"ಆಕಿ..." ಎಂದವನು ನನ್ನ ಮುಖ ನೋಡಿದ. ನಮ್ಮ ಕಡೆಯ ಹಳಬರು ಹೆಂಡತಿಯ ಹೆಸರೆತ್ತುವುದಿಲ್ಲ. ಹೋದ ಬೇಸಿಗೆಯಲ್ಲಿ ತೀರಿಕೊಳ್ಳುವವರೆಗೂ ನನ್ನ ತಂಗಿ ಇವನ ಬಾಯಲ್ಲಿ ಬರೀ "ಏ ಇಕಿ" ಆಗಿದ್ದಳು.

"ಅಕ್ಕಾ, ನೀವ ಹೇಳ್ರಿ."

"ಹಕ್ಕು ನಿಂದು, ಬಾಯಿ ನಂದ್ಯಾಕ? ನೀನ ಹೇಳು."

ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನೀಲವ್ವ" ಎಂದ. ಪ್ರೊಫೆಸರರಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದ; ಒಲೆಯ ಮುಂದೆ ಕೂತವಳನ್ನು ಕರೆದ ಹಾಗೆ, ಗಟ್ಟಿಯಾಗಿ. ಪ್ರೊಫೆಸರರು ಅಡುಗೆಮನೆಯ ಬಾಗಿಲ ಕಡೆ ತಿರುಗಿ ನೋಡಿದರು.

ನಾನೂ ನೋಡಿದೆ.