ನಡುವೆ ಖಾಲಿ ಬಿಟ್ಟ ಬೋರ್ಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರಿಗೆ ನಮ್ಮ ಕಾಕಾನ ಪರಿಚಯ ಇರಲಿಲ್ಲ. ಇದ್ದಿದ್ದರೆ ‘ಇವನ ಕೈಲಿ ಒಂದು ಬೋರ್ಡು ಬರೆಸಿ ನೋಡು’ ಎಂದೂ ಸೇರಿಸುತ್ತಿದ್ದರು! ಶಿಗ್ಗಾಂವಿಯ ಉಳಿದ ಪೇಂಟರುಗಳೆಲ್ಲ ಫ್ಲೆಕ್ಸಿಗೆ ಶರಣಾದರೂ ಈತ ಬ್ರಶ್ಶು ಬಿಟ್ಟಿಲ್ಲ. ಅದು ಹೋಗಲಿ ಎನ್ನಿ. ಕೊಟ್ಟ ಹೆಸರನ್ನು ಕೊಟ್ಟ ಹಾಗೆ ಬರೆದರೆ ಏನು ಗಂಟು ಹೋಗುತ್ತದೆ? ಊಹೂಂ. ಆ ಹೆಸರಿನವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ ಎಂದು ವಿಚಾರಿಸಿಯೇ ಬ್ರಶ್ಶು ಅದ್ದುವುದು.

ನನ್ನ ಮದುವೆಯ ಹಂದರಕ್ಕೆ ವಧೂವರರ ಹೆಸರು ಬರೆಯಲು ಹೇಳಿದ್ದೆವು. ಪುಣ್ಯಾತ್ಮ ಬಸ್ಸು ಹತ್ತಿ ಹಂಸಭಾವಿಯ ಬೀಗರ ಮನೆಗೆ ಹೋಗಿ, ಹುಡುಗಿಯನ್ನು ಏನಂತ ಕರೆಯುತ್ತೀರಿ ಎಂದು ಅವಳ ಅಜ್ಜಿಯನ್ನು ಕೇಳಿಕೊಂಡು ಬಂದ. ಎಂ.ಎ., ಬಿ.ಎಡ್. ಮಾಡಿದ ನನ್ನ ಹೆಂಡತಿ ಹಂದರದ ಬಾಗಿಲಲ್ಲಿ ‘ಗುಂಡವ್ವ’ ಆಗಿದ್ದಳು! ಆರು ತಿಂಗಳು ಅವಳು ಕಾಕಾನಿಗೆ ಚಹಾ ಕೊಡಲಿಲ್ಲ.

ಇಂಥವನಿಗೆ ಹೋದ ವರ್ಷ ಹಾನಗಲ್ಲ ಕಡೆಯ ಒಂದು ಕಾಲನಿಯ ಸಮುದಾಯ ಭವನದ ಬೋರ್ಡು ಸಿಕ್ಕಿತು. ಹಿಂದೆ ಕಾಡಿನಲ್ಲಿ ಬೇಟೆಯಾಡಿ, ಊರೂರು ತಿರುಗಿ ಬದುಕಿದ ಜನ. ಈಗ ನೆಲೆ ನಿಂತು ಹೊಲಕ್ಕೆ, ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಉದ್ಘಾಟನೆಗೆ ನಾಲ್ಕೇ ದಿನ. ಎಂಜಿನಿಯರು ಕೊಟ್ಟ ಚೀಟಿಯಲ್ಲಿದ್ದದ್ದು ಊರವರು ಅವರಿಗಿಟ್ಟ ಹೆಸರು. ಚಿಕ್ಕವರಿದ್ದಾಗ ನಾವು ಅದೇ ಹೆಸರು ಹಿಡಿದು ಒಬ್ಬರನ್ನೊಬ್ಬರು ಬೈಯುತ್ತಿದ್ದೆವು. ನಾಚಿಕೆಯ ಮಾತು, ಆದರೂ ಹೇಳಬೇಕು.

ಕಾಕಾ ಸುತ್ತಲೂ ಬಳ್ಳಿ ಬಿಡಿಸಿದ. ಎರಡೂ ತುದಿಗೆ ಬಂಕಾಪುರದ ನವಿಲು ಕೂಡಿಸಿದ. ನಡುವೆ ಖಾಲಿ ಬಿಟ್ಟು ಏಣಿ ಇಳಿದವನೇ ಮೊದಲ ಮನೆ ಹೊಕ್ಕ. ಬೈಕಿನಲ್ಲಿ ಕರೆತಂದ ತಪ್ಪಿಗೆ ನಾನೂ ಹಿಂದೆ ಹೋದೆ.

ಮನೆಗೊಂದು ಚಹಾ, ಚಹಾಕ್ಕೊಂದು ವಾದ! ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಆದಿವಾಸಿ ಎಂದು ಬರೆಯಿರಿ, ದೇಶಕ್ಕೆಲ್ಲ ತಿಳಿಯುತ್ತದೆ ಎಂದಳು. ಪಕ್ಕದ ಮನೆಯ ತರುಣನಿಗೆ ಮೂಲನಿವಾಸಿಯೇ ಆಗಬೇಕು. ಹಿರಿಯರೊಬ್ಬರು, ಸರ್ಟಿಫಿಕೇಟಿನಲ್ಲಿ ಇರುವುದೇ ಇರಲಿ, ಬದಲಿಸಿದರೆ ಮಕ್ಕಳ ಸ್ಕಾಲರ್‌ಶಿಪ್ಪು ನಿಂತೀತು ಎಂದು ಹೆದರಿದರು. ಫೋನು ಮಾಡಿದ ಎಂಜಿನಿಯರು, ಜಗಳವೇ ಬೇಡ, ಗಿರಿಜನ ಎಂದು ಬರೆದು ಮುಗಿಸು ಎಂದ. ಕಾಕಾ ಹೊರಗೆ ನೋಡಿದ. ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ.

“ಗಿರಿ ಎಲ್ಲೈತ್ರಿ ಸಾಹೇಬ್ರ?”

ಕೊನೆಯ ಮನೆಗೆ ಹೋಗುವಾಗ ವಾದ ಮಾಡಿದವರೆಲ್ಲ ನಮ್ಮ ಹಿಂದೆಯೇ ಬಂದರು. ಅಲ್ಲಿ ಆ ಕಾಲೇಜು ಹುಡುಗಿಯ ಅಜ್ಜಿ ಇದ್ದಳು. ಕಾಲನಿಗೆಲ್ಲ ಆಕೆ ಆಯಿ. ನೀವು ನಿಮ್ಮೊಳಗೆ ಏನೆಂದು ಕರೆದುಕೊಳ್ಳುತ್ತೀರಿ ಎಂದು ಕಾಕಾ ಕೇಳಿದ. ಆಯಿ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ತಮ್ಮ ಭಾಷೆಯಲ್ಲಿ ಒಂದು ಹೆಸರು ಹೇಳಿದಳು. ಹಿರಿಯರು ತಲೆ ತಗ್ಗಿಸಿದರು, ಅವರಿಗೆ ಗೊತ್ತಿತ್ತು. ಮೊಮ್ಮಗಳು ಬಾಯಿ ಬಿಟ್ಟು ನೋಡಿದಳು. ಅವಳು ಅದನ್ನು ಕೇಳಿಯೇ ಇರಲಿಲ್ಲ.

“ನಾ ಸಣ್ಣಾಕಿ ಇದ್ದಾಗ ಸಂತ್ಯಾಗ ನಮ್ಮವ್ವ ಹಂಗ ಅಂದ್ಲು. ಮಂದಿ ನಕ್ರು. ಅವತ್ತಿಂದ ಹೊರಗ ಅನ್ನಲಿಲ್ಲ, ಮಕ್ಕಳಿಗೂ ಕಲಿಸಲಿಲ್ಲ. ಈಗ ಗ್ವಾಡಿ ಮ್ಯಾಲ ಬರದ್ರ ಮತ್ತ ನಗಂಗಿಲ್ಲೇನ ತಮ್ಮಾ?”

ಕಾಕಾ, “ನಕ್ರ ನನ್ನ ಅಕ್ಷರಕ್ಕ ನಗ್ತಾರ ಬಿಡ ಆಯಿ” ಎಂದ.

ಅಂದು ಸಂಜೆ ಕಾಲನಿಯೆಲ್ಲ ಬೇವಿನ ಗಿಡದ ಕೆಳಗೆ ಕೂಡಿತು. ಕೂಗಾಡಿ, ಮುನಿದು, ಮತ್ತೆ ಕುಳಿತು, ಕಡೆಗೆ ಆಯಿ ಹೇಳಿದ ಹೆಸರು ದೊಡ್ಡದಾಗಿ, ಸರ್ಟಿಫಿಕೇಟಿನದು ಕೆಳಗೆ ಸಣ್ಣದಾಗಿ ಎಂದು ತೀರ್ಮಾನವಾಯಿತು. ಎಂಜಿನಿಯರು ತಾನು ಮೇಲೆ ನೋಡಿಯೇ ಇಲ್ಲ ಎಂದು ಹೇಳಿ ಕೈ ತೊಳೆದುಕೊಂಡ! ಆ ಹೆಸರು ಯಾವುದೆಂದು ನಾನಿಲ್ಲಿ ಬರೆಯಬಹುದಿತ್ತು. ಬರೆದರೆ ಕಾಕಾ ಬಿಡುವುದಿಲ್ಲ. ಬೇಕಾದವರು ಹೋಗಿ ಅವರನ್ನೇ ಕೇಳಲಿ ಎನ್ನುತ್ತಾನೆ.

ಉದ್ಘಾಟನೆಗೆ ಬಂದ ಹಿರಿಯ ಅಧಿಕಾರಿ ಮೈಕು ಹಿಡಿದು, ತಲೆಯೆತ್ತಿ ಬೋರ್ಡು ನೋಡಿದರು. ಕಷ್ಟಪಟ್ಟು, ಒಂದೊಂದೇ ಅಕ್ಷರ ಕೂಡಿಸಿ ಆ ಹೆಸರು ಓದಿದರು. ಮೈಕಿನ ಹಾರ್ನಿನಿಂದ ಅದು ಊರಿಗೆಲ್ಲ ಕೇಳಿಸಿತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆಯಿ, ಯಾರೋ ತನ್ನನ್ನೇ ಕರೆದರೆಂದು, “ಓ” ಎಂದಳು.

ಯಾರೂ ನಗಲಿಲ್ಲ. ಕಾಕಾ ಕಣ್ಣೊರೆಸಿಕೊಂಡು, ಬಣ್ಣದ ವಾಸನೆಗೆ ಉರಿಯುತ್ತಿದೆ ಎಂದ. ಬಣ್ಣ ಒಣಗಿ ಎರಡು ದಿನವಾಗಿತ್ತು. ನನ್ನ ಕಣ್ಣೂ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ? ಅಧಿಕಾರಿಗೆ ಏನು ತಿಳಿಯಿತೋ, ಆ ಹೆಸರನ್ನು ಇನ್ನೊಮ್ಮೆ ಓದಿದರು. ಈ ಸಲ ಮೊಮ್ಮಗಳು ಎದ್ದು ನಿಂತು, ಆಯಿಗಿಂತ ಜೋರಾಗಿ “ಓ” ಎಂದಳು.