ಮಾವನ ಮೀನಿಗೆ ಗಾಜು ವರ್ಜ್ಯ

ನಮ್ಮ ಸೋದರಮಾವನ ಮುಂದೆ ತಲೆ ತಗ್ಗಿಸದವರೇ ಇಲ್ಲ! ಅವರೇನು ಮಂತ್ರಿಯಲ್ಲ. ಗಂಡಸಿ ಊರಿನ ಅವರ ಮನೆ ಮುಂದೆ, ದನ ನೀರು ಕುಡಿಯುತ್ತಿದ್ದ ಕಲ್ಲುಬಾನಿಯಲ್ಲಿ ಗೋಲ್ಡ್ ಫಿಶ್ ಸಾಕಿದ್ದಾರೆ. ಬಂದವರು ಬಗ್ಗಿ ನೋಡಲೇಬೇಕು, ಆಮೇಲೇ ಕಾಫಿ. ಒಮ್ಮೆ ಬೀಗರೊಬ್ಬರ ಕನ್ನಡಕ ಬಾನಿಗೆ ಬಿತ್ತು. ಮಾವ ಗಾಬರಿಯಿಂದ ಓಡಿ ಬಂದು, "ಸದ್ಯ, ಮೀನಿಗೇನೂ ಆಗ್ಲಿಲ್ಲ!" ಎಂದರು.

"ಗಾಜಿನ ತೊಟ್ಟಿ ತರಬಾರದಾ ಮಾವ?" ಎಂದು ಕೇಳಿ ಕೆಟ್ಟೆ.

"ಏನ್ಲಾ ಗೊತ್ತು ನಿಂಗೆ? ನಮ್ಮ ಹಳೇಬೀಡಲ್ಲಿ ಕಲ್ಲು ಕೆತ್ತೋ ಕಾಲದಲ್ಲಿ ಚೀನಾದೋರು ಮೀನು ಕೆತ್ತವ್ರೆ! ಮಂಕು ಬಣ್ಣದ ಮೀನಿನ ನಡುವೆ ಎಲ್ಲೋ ಒಂದು ಕೆಂಪಗೆ ಹುಟ್ತು. ಅದನ್ನ ಬ್ಯಾರೆ ಇಟ್ಟು, ಮರೀಲಿ ಚೆಂದದ್ದು ಆರಿಸಿ ಆರಿಸಿ ಸಾಕವ್ರೆ. ಕೊಳದಿಂದ ಪಿಂಗಾಣಿ ಬಾನಿಗೆ ತಂದ್ರು. ಬಾನೀಲಿ ಮೇಲಿಂದ ಕಾಣೋದು ಬೆನ್ನು. ಅದ್ಕೇ ಬೆನ್ನನ್ನೇ ಚಿನ್ನ ಮಾಡವ್ರೆ! ಗಾಜಿನ ಪೆಟ್ಟಿಗೆ ಇಂಗ್ಲೆಂಡಿನೋರ್ದು, ನಿನ್ನೆ ಮೊನ್ನೇದು!"

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಹೋದಾಗ ನಾವು ನುಣುಪಾದ ಕಂಬಗಳಲ್ಲಿ ಮುಖ ನೋಡಿಕೊಂಡು ಕೂದಲು ತಿದ್ದಿಕೊಳ್ಳುತ್ತಿದ್ದೆವು. ಮಾವ ಕೈಮುಗಿದು ನಿಂತಿದ್ದರು. "ಇದನ್ನ ಉಜ್ಜೋಕೆ ಕೂತೋನಿಗೆ ಏನು ತಾಳ್ಮೆ ಇರ್ಬೇಕು! ಆ ಮೊದಲ್ನೇ ಕೆಂಪು ಮೀನು ಎತ್ತಿಟ್ಟೋನೂ ಇಂಥೋನೇ ಕಣ್ಲಾ." ನಗಲು ಬಾಯಿ ತೆರೆದವನು ಕಂಬವನ್ನು ಮುಟ್ಟಿ ನೋಡಿದೆ. ಅಬ್ಬಾ, ಹೌದಲ್ಲ ಅನ್ನಿಸಿತು.

ಈಚೆಗೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಊಟ ಬೇಡ, ಮಾತು ಬೇಡ. ಎಬ್ಬಿಸಿ ನಡೆಸಿ ಎಂದು ಡಾಕ್ಟರು ಹೇಳಿದ್ದರೂ ಏಳಲು ಮನಸ್ಸೇ ಇಲ್ಲ. ಹೀಗೇ ಆದರೆ ಅತ್ತೆ ನಮಗೆ ದಕ್ಕುವುದಿಲ್ಲ ಎಂದು ಎಲ್ಲರಿಗೂ ಭಯವಾಯಿತು. ಒಂದು ಬೆಳಗ್ಗೆ ಗೋಡೆಗೇ ಹೇಳುವಂತೆ, "ಮೀನಿಗೆ ತಿನ್ನಾಕೆ ಹಾಕಿದ್ರಾ? ನಾನಿನ್ನೆಲ್ಲಿ ನೋಡ್ತೀನಿ ಅವನ್ನ" ಎಂದರು.

ಮಾವ ಅಂಗಿ ಹಾಕಿಕೊಂಡು ಅರಸೀಕೆರೆ ಬಸ್ಸು ಹತ್ತಿದರು. ಸಂಜೆ ಅವರು ಬಸ್ಸಿನಿಂದ ಇಳಿದಾಗ ನೋಡುತ್ತೇನೆ, ಎರಡೂ ಕೈಯಲ್ಲಿ ಗಾಜಿನ ತೊಟ್ಟಿ! ಮಂಚದ ಪಕ್ಕ ಸ್ಟೂಲಿನ ಮೇಲಿಟ್ಟು, ಬಾನಿಯ ನೀರನ್ನೇ ತುಂಬಿ, ಮೀನು ಬಿಟ್ಟರು.

ಅತ್ತೆ ಮೆಲ್ಲಗೆ ಈ ಕಡೆ ಹೊರಳಿದರು. "ರೀ, ಗಾಜು ಕೂಡದು ಅಂತಿದ್ರಲ್ಲಾ?"

ಮಾವ ನೆಲದ ಮೇಲೆ ಕೂತಿದ್ದರು.

"ಚೀನಾದೋನ ಹೆಂಡ್ತಿ ಹಿಂಗೆ ಮಲಗಿರಲಿಲ್ಲ ಕಣೇ."

ಎಷ್ಟೋ ದಿನದ ಮೇಲೆ ಅತ್ತೆ ನಕ್ಕರು. ಕೈ ಚಾಚಿ ಹೇಳಿದರು: "ಎಬ್ಬಿಸಿ ಕೂರಿಸಿ. ಸರ್ಯಾಗಿ ಕಾಣಾಕಿಲ್ಲ."